ಹರ್ನಿಯಾ ರೋಗವೂ ಜಾಲರಿಯೂ

ತೊಡೆಸಂದಿನಲ್ಲಿಯೋ ಹೊಕ್ಕುಳಿನಲ್ಲಿಯೋ ಗಂಟೊಂದು ಕಾಣಿಸಿಕೊಂಡು, ನಿಂತರೆ ಉಬ್ಬುತ್ತಲೂ ಮಲಗಿದರೆ ಅಡಗುತ್ತಲೂ ಇರುವುದನ್ನು ನಮ್ಮ ಸೀಮೆಯ ಎಷ್ಟೋ ಮಂದಿ ವರ್ಷಗಟ್ಟಲೆ ಮರೆಮಾಚುವರು. ಚನ್ನಗಿರಿಯ ತೋಟಗಳಲ್ಲಿ ಅಡಕೆಯ ಗೊನೆ ಹೊರುವವರೂ, ಹೊನ್ನಾಳಿಯ ಗದ್ದೆಗಳಲ್ಲಿ ಭತ್ತದ ಮೂಟೆ ಎತ್ತುವವರೂ, ಜಗಳೂರಿನ ಬೆದ್ದಲಿನಲ್ಲಿ ದುಡಿಯುವವರೂ “ಸುಗ್ಗಿ ಕಳೆಯಲಿ” ಎಂದು ದಿನ ನೂಕುವರು. ಗಂಟಾದರೋ ಸುಗ್ಗಿಯನ್ನು ಕಾಯುವುದಿಲ್ಲ.

ನ್ಯಾಮತಿಯ ಕಡೆಯ ನಮ್ಮ ಬಂಧುಗಳೊಬ್ಬರಿಗೆ ಹೀಗೆಯೇ ಆಯಿತು. ಒಂದು ರಾತ್ರಿ ಗಂಟು ಒಳಸೇರದೆ ಕಲ್ಲಿನಂತಾಗಿ ವಾಂತಿ ಹತ್ತಿತು. ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದಿದ್ದರೆ ಅದು ಕೆಲವೇ ಗಂಟೆಗಳಲ್ಲಿ ಕೊಳೆಯುವುದೆಂದು ತಿಳಿಸಿ, ವೈದ್ಯರು ಕೂಡಲೇ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೇಳಿದರು. ಜಾಲರಿ ಹಾಕಬೇಕಾದೀತೆಂದೂ ಹೇಳಿದರು. “ಹೊರಗಿನ ವಸ್ತು ಮೈಯೊಳಗೆ ಇದ್ದರೆ ಮುಂದೆ ಕೇಡಾಗದೆ?” ಎಂದು ಮನೆಯವರು ನಮ್ಮನ್ನು ಕೇಳಿದರು. ಆ ಪ್ರಶ್ನೆ ಅನೇಕ ಸಂಸಾರಗಳದು. ಆದಕಾರಣ ನಾವು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇವೆ.

ಇಟಲಿಯ ಬಾಸ್ಸಿನಿ ಎಂಬ ವೈದ್ಯನು 1887ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಸಡಿಲವಾದ ಮಾಂಸಖಂಡಗಳನ್ನು ಎಳೆದು ಹೊಲಿಯುತ್ತಿದ್ದರು. ಹಳೆಯ ಬಟ್ಟೆಯನ್ನು ಬಿಗಿದು ಹೊಲಿದರೆ ಪಕ್ಕದಲ್ಲಿ ಹರಿಯುವಂತೆ, ಎಷ್ಟೋ ಮಂದಿಗೆ ಗಂಟು ಮರುಕಳಿಸುತ್ತಿತ್ತು. 1958ರ ಬಳಿಕ ಅಮೆರಿಕದ ಅಶರ್ ಎಂಬ ವೈದ್ಯನು ಪ್ಲಾಸ್ಟಿಕ್ ಎಳೆಯ ಜಾಲರಿಯನ್ನು ಬಳಕೆಗೆ ತಂದನು. ಇದರ ಕಣ್ಣುಗಳೊಳಗೆ ಮೈಯ ಹೊಸ ಮಾಂಸವೇ ಬೆಳೆದು ಗೋಡೆ ಭದ್ರವಾಗುವುದು.

ತುರ್ತಿನಲ್ಲಿ ಇದನ್ನು ಹಾಕಲು ವೈದ್ಯರು ಬಹುಕಾಲ ಅಂಜುತ್ತಿದ್ದರು. ಕ್ರಿಮಿಗಳು ಜಾಲರಿಯಲ್ಲಿ ನೆಲೆಸಿದರೆ ಅದನ್ನು ಕಿತ್ತು ತೆಗೆಯಬೇಕಾದೀತು. ಈಗಿನ ಅಭಿಪ್ರಾಯವು, ಕರುಳು ಜೀವಂತವಾಗಿದ್ದರೆ ಜಾಲರಿ ಹಾಕಬಹುದು, ಗಂಟು ಮರುಕಳಿಸುವುದು ಕಡಮೆಯಾಗುವುದು ಎಂಬುದಾಗಿದೆ. ಕರುಳು ಒಡೆದು ಹೊಲಸು ಹರಡಿದ್ದರೆ ಮಾತು ಬೇರೆ. ಆಗ ಬರಿಯ ಹೊಲಿಗೆಯೇ ಲೇಸೆನ್ನುವವರುಂಟು. ನಮ್ಮ ಬಂಧುಗಳ ಕರುಳು ಉಳಿಯಿತು, ಜಾಲರಿಯೂ ಕೂಡಿಕೊಂಡಿತು.

ಹಾಗೆಂದು ಜಾಲರಿಯು ನಿರಪಾಯವೆಂದು ನಾವು ಹೇಳಲಾರೆವು. ತೊಡೆಸಂದಿನ ಹರ್ನಿಯಾಕ್ಕೆ ಶಸ್ತ್ರಚಿಕಿತ್ಸೆಯಾದ ನೂರು ಮಂದಿಯಲ್ಲಿ ಸುಮಾರು 10 ಮಂದಿಗೆ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಬರಿಯ ಹೊಲಿಗೆಯಲ್ಲಿಯೂ ಅದು ತಪ್ಪಿದ್ದಲ್ಲ. ಕೀವು ಕೆಲವೊಮ್ಮೆ ವರ್ಷಗಳ ಬಳಿಕವೂ ತಲೆದೋರುವುದು. ಆದುದರಿಂದ ಯಾವ ಜಾಲರಿ, ಎಲ್ಲಿ, ಎಂದು ಹಾಕಿದರೆಂಬ ಆಸ್ಪತ್ರೆಯ ಕಾಗದವನ್ನು ಹೊಲದ ಪತ್ರಗಳಂತೆಯೇ ಜೋಪಾನವಾಗಿಡತಕ್ಕದ್ದು. ಗಾಯದ ಬಳಿ ಕೆಂಪು, ಊತ, ಸೋರುವಿಕೆ ಕಂಡೊಡನೆ ಅದನ್ನು ವೈದ್ಯರಿಗೆ ತೋರಿಸತಕ್ಕದ್ದು.

ಹೆಂಗಸರಿಗೆ ತೊಡೆಯ ಬುಡದಲ್ಲಿ ಬರುವ ಗಂಟು ಬೇಗನೆ ಸಿಕ್ಕಿಕೊಳ್ಳತಕ್ಕುದು. ಅವರು ಲಜ್ಜೆಯಿಂದ ಸುಮ್ಮನಿರಬಾರದು. ಗಂಟು ಮೆತ್ತಗಿರುವಾಗಲೇ ವೈದ್ಯರನ್ನು ಕಂಡರೆ, ಜಾಲರಿ ಬೇಕೋ ಬೇಡವೋ ಎಂದು ಸಾವಧಾನವಾಗಿ ಕೇಳಿ ತಿಳಿಯಲು ಹೊತ್ತಿರುವುದು. ಅದು ಕಲ್ಲಾದ ರಾತ್ರಿಯಲ್ಲಿ ಕೇಳಲು ಹೊತ್ತೆಲ್ಲಿ?