ವೀಣೆ ಬೇಕೆಂದ ವಕೀಲರು

ನವೆಂಬರ್ 2, 2025, ಭಾನುವಾರ

ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ ನಮ್ಮ ಹಿರಿಯರ ಕೂಟದ ಕಾರ್ಯದರ್ಶಿ ಕೈಗೆ ಸಿಕ್ಕಿಬಿದ್ದೆ. ರಾಜ್ಯೋತ್ಸವದ ತಿಂಗಳಲ್ವಾ, ಕೆಂಗಲ್ ಹನುಮಂತಯ್ಯನವರ ಮೇಲೆ ಅರ್ಧ ಗಂಟೆ ಮಾತಾಡಬೇಕಂತೆ. "ಅವರೂ ವಕೀಲರು, ನೀವೂ ವಕೀಲರು. ಇನ್ಯಾರು ಸಾರ್ ಮಾತಾಡೋದು?" ಈ ಲೆಕ್ಕದಲ್ಲಿ ಗಾಂಧಿ, ನೆಹರು, ಜಿನ್ನಾ ಎಲ್ಲರೂ ನನ್ನ ಪಾಲಿಗೇ ಬರಬೇಕು. ಆಗಲಿ ಅಂದೆ.

ವಿಧಾನಸೌಧದಿಂದ ಮಾತ್ರ ಶುರು ಮಾಡಕೂಡದು. ಅದನ್ನು ಕಟ್ಟಿಸಿದ್ದು ಅವರೇ ಅಂತ ಎಲ್ಲರಿಗೂ ಗೊತ್ತು.

ನವೆಂಬರ್ 4, ಮಂಗಳವಾರ

ಮಧ್ಯಾಹ್ನ ವಾಡಿಯಾ ರಸ್ತೆಯ ಲೈಬ್ರರಿಯಲ್ಲಿ ಕೂತು ಟಿಪ್ಪಣಿ ಮಾಡಿಕೊಂಡೆ. ಹುಟ್ಟಿದ್ದು 1908ರಲ್ಲಿ, ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿ, ಒಕ್ಕಲು ಮನೆತನ. ಮೈಸೂರಿನ ಮಹಾರಾಜ ಕಾಲೇಜು, ಆಮೇಲೆ ಪುಣೆಯಲ್ಲಿ ಕಾನೂನು. 1930ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ವಕೀಲಿಕೆ. ಸ್ವಲ್ಪದರಲ್ಲೇ ಕಾಂಗ್ರೆಸ್ಸು, ಸತ್ಯಾಗ್ರಹ, ಜೈಲು.

ಆ ತಲೆಮಾರಿನಲ್ಲಿ ಎಷ್ಟೊಂದು ಜನ ಕರಿಕೋಟಿನವರು! ಕೆ.ಸಿ. ರೆಡ್ಡಿ, ಕೆ.ಟಿ. ಭಾಷ್ಯಂ, ಎಚ್.ಸಿ. ದಾಸಪ್ಪ, ಚಿತ್ರದುರ್ಗದಲ್ಲಿ ನಿಜಲಿಂಗಪ್ಪ, ತೀರ್ಥಹಳ್ಳಿಯಲ್ಲಿ ಕಡಿದಾಳ್ ಮಂಜಪ್ಪ. ಅಮೆರಿಕದಲ್ಲೂ ಇದೇ ಕತೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತ 55 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಾನೂನು ಓದಿದವರು. ದೇಶಭಕ್ತಿ ವಕೀಲರಿಗೇ ಜಾಸ್ತಿ ಅಂತೇನಲ್ಲ. ಮೇಷ್ಟರಿಗೋ ಗುಮಾಸ್ತರಿಗೋ ದಿವಾನರ ಸರ್ಕಾರವೇ ಸಂಬಳ ಕೊಡುತ್ತಿತ್ತು. ಸಭೆಯಲ್ಲಿ ಎದ್ದುನಿಂತರೆ ಮಾರನೆಯ ದಿನ ಕೆಲಸವಿಲ್ಲ. ವಕೀಲನಿಗೆ ಫೀಸು ಕೊಡುವವನು ಕಕ್ಷಿದಾರ. ಆರು ತಿಂಗಳು ಜೈಲಿಗೆ ಹೋಗಿ ಬಂದರೂ ಬಾಗಿಲಲ್ಲಿ ಹಳೆ ಬೋರ್ಡು ಹಾಗೇ ಇರುತ್ತದೆ. ಕೇಸು ಇರುತ್ತವೋ ಇಲ್ಲವೋ, ಅದು ಬೇರೆ ಮಾತು.

ನವೆಂಬರ್ 9, ಭಾನುವಾರ

ಮೊಮ್ಮಗಳು ಬಂದಿದ್ದಳು. ಲಾ ಮೂರನೇ ವರ್ಷ. ಕೆಂಗಲ್ ಸಂವಿಧಾನ ಸಭೆಯಲ್ಲೂ ಇದ್ದರು ಅಂದರೆ ನಂಬಲಿಲ್ಲ. "ತಾತ, ಅವರು ಚೀಫ್ ಮಿನಿಸ್ಟರ್ ಅಲ್ವಾ?" ಮೈಸೂರು ಸಂಸ್ಥಾನದಿಂದ ಹೋದವರಲ್ಲಿ ಅವರೂ ಒಬ್ಬರು. 1949ರ ನವೆಂಬರ್ 17ರಂದು, ಕರಡು ಬಹುಮಟ್ಟಿಗೆ ಮುಗಿದು ಎಲ್ಲರೂ ಪರಸ್ಪರ ಹೊಗಳಿಕೊಳ್ಳುವ ಹೊತ್ತಿನಲ್ಲಿ, ಎದ್ದು ಒಂದು ಮಾತು ಆಡಿಬಿಟ್ಟರು. ನಮಗೆ ಬೇಕಿದ್ದದ್ದು ವೀಣೆಯ, ಸಿತಾರದ ನಾದ. ಇಲ್ಲಿ ಕೇಳಿಸುತ್ತಿರುವುದು ಇಂಗ್ಲಿಷ್ ಬ್ಯಾಂಡು. ಬರೆದವರನ್ನು ಬೈಯಲಿಲ್ಲ, ಅವರು ಓದಿ ಬೆಳೆದದ್ದೇ ಹಾಗೆ ಅಂದರು.

ಚಪ್ಪಾಳೆ ಗಿಟ್ಟಿಸುವ ಮಾತು. ಆದರೆ ನನ್ನೊಳಗಿನ ವಕೀಲ ಸುಮ್ಮನಿರುವುದಿಲ್ಲ. ಆ ಕರಡಿನ ಹಿಂದೆ ಅಂಬೇಡ್ಕರ್ ಜೊತೆಗೆ ನಮ್ಮ ಮಂಗಳೂರಿನವರೇ ಆದ ಬೆನಗಲ್ ನರಸಿಂಗರಾಯರೂ ಇದ್ದರು. ಅವರು ಅಮೆರಿಕಕ್ಕೇ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಜೊತೆ ಕೂತು ಚರ್ಚಿಸಿ ಬಂದವರು. ವಾರಂಟಿಲ್ಲದೆ ಹಿಡಿದುಕೊಂಡು ಹೋದ ಬಡಪಾಯಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಅನ್ನುವುದು ಯಾವ ವೀಣೆಯಲ್ಲಿತ್ತು? ಜೈಲು ಕಂಡಿದ್ದ ಕೆಂಗಲ್ಲರಿಗೆ ಅದರ ಬೆಲೆ ಗೊತ್ತಿರಲಿಲ್ಲವೆ?

"ಹಾಗಾದ್ರೆ ಅವರು ಹೇಳಿದ್ದು ತಪ್ಪಾ?" ಅಂದಳು. ತಪ್ಪು ಅನ್ನಲೂ ಮನಸ್ಸು ಬರಲಿಲ್ಲ. ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಹೋಗಬೇಕು ಅನ್ನುವುದು ಗಾಂಧಿಯ ಮಾತು. ಅದನ್ನು ಆ ಸಭೆಯಲ್ಲಿ ಯಾರಾದರೂ ನೆನಪಿಸಲೇಬೇಕಿತ್ತು.

ನವೆಂಬರ್ 12, ಬುಧವಾರ

ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ವಿಧಾನಸೌಧಕ್ಕೆ ಹೋದೆ. ಈ ಬದಿ 1868ರಲ್ಲಿ ಮುಗಿದ ಕೆಂಪು ಅಠಾರ ಕಚೇರಿ, ಅಂದರೆ ನಮ್ಮ ಹೈಕೋರ್ಟು, ಆ ಬದಿ ಕೆಂಗಲ್ಲರ ಕಲ್ಲಿನ ಬೆಟ್ಟ. ನನ್ನ ವೃತ್ತಿ ಪೂರ್ತಿ ಕೆಂಪು ಬದಿಯಲ್ಲಿ ಕಳೆಯಿತು. ಎದುರಿನದನ್ನು ಊಟದ ಬಿಡುವಿನಲ್ಲಿ ನೋಡುತ್ತಿದ್ದೆ ಅಷ್ಟೆ.

1951ರ ಜುಲೈ 13ರಂದು ನೆಹರು ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಆಗಿನ ನಕ್ಷೆ ಸರಳವಾದದ್ದು. 1952ರಲ್ಲಿ ಕೆಂಗಲ್ ಬಂದರು, ನಕ್ಷೆ ಹೋಯಿತು. ರಷ್ಯದಿಂದ ಬಂದವರು "ನಿಮ್ಮದೇ ಅನ್ನುವ ಕಟ್ಟಡ ಇಲ್ಲವೆ, ಎಲ್ಲಾ ಯುರೋಪಿನದೇ ಆಯಿತಲ್ಲ" ಎಂದು ಚುಚ್ಚಿದರಂತೆ, ಅದು ಇವರಿಗೆ ನಾಟಿತಂತೆ. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಜೊತೆ ಸೇರಿ ದೇವಾಲಯಗಳ ಕಂಬ, ಬೋದಿಗೆ, ಗೋಪುರಗಳನ್ನೆಲ್ಲ ಸರ್ಕಾರಿ ಕಚೇರಿಗೆ ತಂದರು. ಉದ್ದ 700 ಅಡಿ, ಅಗಲ 350. ಮಲ್ಲಸಂದ್ರ, ಹೆಸರಘಟ್ಟದ ಕಡೆಯ ಕಲ್ಲು. ಕೈದಿಗಳೂ ದುಡಿದರು. ಖರ್ಚು ಹತ್ತಿರ ಹತ್ತಿರ ಎರಡು ಕೋಟಿಗೆ ಹೋಯಿತು, ಊರೆಲ್ಲ ಗುಲ್ಲು.

ರಸ್ತೆಯಲ್ಲಿ ನಿಂತು ನೋಡುವಾಗ ಹೊಳೆಯಿತು. ದೆಹಲಿಯಲ್ಲಿ ಸಿಗದ ವೀಣೆಯನ್ನು ಇವರು ಇಲ್ಲಿ ಕಲ್ಲಿನಲ್ಲಿ ಮಾಡಿಸಿಕೊಂಡಿದ್ದಾರೆ! ಒಳಗೆ ಹೋದರೆ ಮಾತ್ರ ಸ್ಪೀಕರ್ ಪೀಠ, ವಿರೋಧ ಪಕ್ಷದ ನಾಯಕರ ಆಸನ, ಪ್ರಶ್ನೋತ್ತರ ವೇಳೆ, ಸೆಕ್ರೆಟೇರಿಯಟ್ಟಿನ ಕೆಂಪು ದಾರದ ಕಡತ. ಹೊರಗೆ ಶಿಲ್ಪ, ಒಳಗೆ ಬ್ಯಾಂಡು. ಅದಕ್ಕೆ ಸರಿಯಾಗಿ ಕಟ್ಟಡದ ಮುಂದೆ ನಿಂತಿರುವವರು ಅಂಬೇಡ್ಕರ್. ರಸ್ತೆಗೂ ಅವರ ಹೆಸರೇ, ಸ್ಟೇಷನ್ನಿಗೂ ಅವರ ಹೆಸರೇ. ಭಾಷಣದಲ್ಲಿ ಇದನ್ನು ಹೇಳಲೇಬೇಕು.

ಸೌಧದ ಹಣೆಯ ಮೇಲಿನ "ಸರ್ಕಾರದ ಕೆಲಸ ದೇವರ ಕೆಲಸ" ಬರಹದ ಬಗ್ಗೆ ಹೇಳುವುದಿಲ್ಲ. ನಮ್ಮ ಕೂಟದಲ್ಲಿ ಅರ್ಧ ಜನ ಪಿಂಚಣಿಗೆ ಅಲೆದವರು, ಸುಮ್ಮನೆ ರೇಗುತ್ತಾರೆ.

ನವೆಂಬರ್ 15, ಶನಿವಾರ

ನನಗೆ ಕಟ್ಟಡಕ್ಕಿಂತ ದೊಡ್ಡದಾಗಿ ಕಾಣುವುದು ಏಕೀಕರಣ. ಕನ್ನಡ ನಾಡು ಒಂದಾದರೆ ಹಳೆ ಮೈಸೂರಿಗೆ ನಷ್ಟ ಎನ್ನುವವರು ಇವರ ಸುತ್ತಲೇ ಇದ್ದರು. ಒಕ್ಕಲಿಗರ ಬಲ ಕುಗ್ಗುತ್ತದೆ, ನಮ್ಮ ತೆರಿಗೆ ಬೇರೆ ಜಿಲ್ಲೆಗಳ ಪಾಲಾಗುತ್ತದೆ ಅನ್ನುವ ಲೆಕ್ಕಾಚಾರ. 1954ರಲ್ಲಿ ಹಣಕಾಸು ಮುಂತಾದ ಸಂಗತಿಗಳನ್ನು ಪರಿಶೀಲಿಸಿದ ಶೇಷಾದ್ರಿ ಸಮಿತಿಯ ವರದಿ ಆ ಅಂಜಿಕೆಗೆ ಒತ್ತಾಸೆಯಾಯಿತು. ತಾನೂ ಒಕ್ಕಲಿಗ, ತನ್ನ ಬಲವೂ ಅಲ್ಲೇ. ಆದರೂ ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ್ದ ಫಜಲ್ ಅಲಿ ಆಯೋಗದ ವರದಿ ಬಂದಾಗ ಕೆಂಗಲ್ ಏಕೀಕರಣದ ಪರ ನಿಂತರು.

ಕಕ್ಷಿದಾರನ ಹಿತಕ್ಕೆ ವಿರುದ್ಧವಾಗಿ ವಾದಿಸಿದ ವಕೀಲ ಎಂದು ಬರೆದು ಹೊಡೆದುಹಾಕಿದೆ. ಅವರ ಪ್ರಕಾರ ಕಕ್ಷಿದಾರ ಬೇರೆ ಯಾರೋ ಇದ್ದ.

1956ರ ಆಗಸ್ಟ್‌ನಲ್ಲಿ ಪಕ್ಷದೊಳಗೇ ಅವಿಶ್ವಾಸ, ರಾಜೀನಾಮೆ. ಸೌಧ ಮುಗಿದದ್ದೂ ಅದೇ ವರ್ಷ, ನವೆಂಬರ್ 1ಕ್ಕೆ ನಾಡು ಒಂದಾದದ್ದೂ ಅದೇ ವರ್ಷ. ಎರಡಕ್ಕೂ ಓಡಾಡಿದವರು ಕುರ್ಚಿಯಲ್ಲಿರಲಿಲ್ಲ. ಆಮೇಲೆ ಸೌಧದ ಖರ್ಚಿನ ಮೇಲೆ ತನಿಖೆ ಬೇರೆ. ಲೋಕಸಭೆ, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ, 1971ರಲ್ಲಿ ರೈಲ್ವೆ ಖಾತೆ, ಇವನ್ನೆಲ್ಲ ಎರಡು ವಾಕ್ಯದಲ್ಲಿ ಮುಗಿಸುತ್ತೇನೆ. ಹೋದದ್ದು 1980ರ ಡಿಸೆಂಬರ್ 1.

ಒಂದನ್ನು ಬಿಡಲಾರೆ. ಕುಮಾರವ್ಯಾಸ ಅಂದರೆ ಅವರಿಗೆ ಪ್ರಾಣ. ಬಡವರ ಮನೆಯಲ್ಲೂ ಭಾರತ ಇರಲಿ ಎಂದು ಸರ್ಕಾರದಿಂದಲೇ ಅಗ್ಗದ ಆವೃತ್ತಿ ತರುವ ಏರ್ಪಾಡು ಅವರ ಆಸಕ್ತಿಯದು. ಸಂಪಾದಕರು ಕುವೆಂಪು ಮತ್ತು ನಮ್ಮ ಗವಿಪುರದ ಮಾಸ್ತಿ. ಅಚ್ಚಾಗಿ ಬಂದದ್ದು 1958ರಲ್ಲಿ, ಇವರು ಇಳಿದ ಮೇಲೆ. ನಮ್ಮಜ್ಜಿ ಓದಿಸಿ ಕೇಳುತ್ತಿದ್ದದ್ದು ಅದೇ ಪ್ರತಿ. ರಟ್ಟು ಹೋಗಿದೆ, ಒಳಗಿನ ಹಾಳೆ ಗಟ್ಟಿಯಾಗಿದೆ.

ನವೆಂಬರ್ 17, ಸೋಮವಾರ

ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ, ಪೀಪಿ ಸದ್ದಿಗೆ ಕಿವಿ ಹೋಯಿತು. ವೀಣೆಯ ಭಾಷಣಕ್ಕೂ ಇವತ್ತಿಗೆ ಸರಿಯಾಗಿ 76 ವರ್ಷ. ಹಸಿ ಕಡಲೆಕಾಯಿ ತಂದು ಬೇಯಿಸಿದ್ದಾಯಿತು. ಬರೆಯಲು ಕೂರಲಿಲ್ಲ.

ನವೆಂಬರ್ 23, ಭಾನುವಾರ

ಭಾಷಣ ಆಯಿತು. ವೀಣೆ, ಬ್ಯಾಂಡು, ಅಂಬೇಡ್ಕರ್ ಪ್ರತಿಮೆ ಎಲ್ಲ ಜನರಿಗೆ ಹಿಡಿಸಿತು. ಏಕೀಕರಣಕ್ಕೆ ಬಂದಾಗ ಗದ್ದಲ. ಹಳೆ ಮೈಸೂರಿನವರು ಎಷ್ಟು ತ್ಯಾಗ ಮಾಡಿದರು ಎಂದು ಚಾಮರಾಜಪೇಟೆಯ ಒಬ್ಬರು ಎದ್ದು ನನ್ನ ಮಾತಿಗೆ ತಮ್ಮದೂ ಸೇರಿಸಿದರು. ಹಿಂದಿನ ಸಾಲಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು, ಮಗನ ಮನೆಯಲ್ಲಿರುವವರು, ಎದ್ದೇಬಿಟ್ಟರು. "ಕರಕೊಂಡ್ವಿ ಕರಕೊಂಡ್ವಿ ಅಂತೀರಲ್ರಿ, ನಾವೇನ್ ಬೇಡ್ಕೋತ ಬಂದಿದ್ವೇನ್ರಿ? 1953ರಾಗ ಅದರಗುಂಚಿ ಶಂಕರಗೌಡ್ರು ಉಪವಾಸ ಕೂತಾಗ ನಿಮ್ಮ ಬೆಂಗಳೂರಿನವ್ರು ಎಲ್ಲಿದ್ರಿ?"

ಚಾಮರಾಜಪೇಟೆಯವರ ಹತ್ತಿರ ಉತ್ತರ ಇರಲಿಲ್ಲ. ಕಾರ್ಯದರ್ಶಿ ಕಾಫಿ ತಣ್ಣಗಾಗುತ್ತೆ ಎಂದು ಕೂಗಿದರು. ಲೋಟ ಹಿಡಿದುಕೊಂಡು ಹೋಗಿ ಆ ಹಿರಿಯರ ಪಕ್ಕ ಕೂತೆ. ಆ ಉಪವಾಸದ ಹೊತ್ತಿನ ಹುಬ್ಬಳ್ಳಿಯ ಗಲಾಟೆಯ ಕಾಲಕ್ಕೆ ಅವರು ಶಾಲೆಯ ಹುಡುಗ. ಮುಂದಿನ ತಿಂಗಳು ಅರ್ಧ ಗಂಟೆ ಅವರದೇ ಆಗಲಿ ಎಂದು ಕಾರ್ಯದರ್ಶಿಗೆ ಹೇಳಿ ಬಂದಿದ್ದೇನೆ.