ಅವ್ವನ ತವರಿನ ದಾಸವಾಳ

ಕಳೆದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಚರಂಡಿ ತೆಗೆಯಲು ಗುರುತು ಹಾಕಿದರು. ಸುಣ್ಣದ ಗೆರೆ ಸರಿಯಾಗಿ ಅವ್ವನ ದಾಸವಾಳದ ಬುಡದ ಮೇಲೇ ಹೋಗಿತ್ತು.

‘ಹೋದ್ರೆ ಹೋಗ್ಲಿ ಬಿಡವ್ವ, ನರ್ಸರಿಯಿಂದ ಬೇರೆ ತಂದ್ಕೊಡ್ತೀನಿ’ ಅಂದೆ. ಅವ್ವ ಮಾತಾಡಲಿಲ್ಲ. ಮದುವೆಯಾದ ವರ್ಷ ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ನೆಟ್ಟ ಗಿಡ ಅದು. ಅವಳ ತವರಿನ ಹಿತ್ತಲು ಈಗ ಬೇರೆಯವರ ಪಾಲಾಗಿದೆ.

ನಾನು ಹೇಳಿದಂತೆ ತಂದೆ. ‘ಅದೇ ಜಾತಿ’ ಎಂದು ನರ್ಸರಿಯವರು ಕೊಟ್ಟಿದ್ದು ಜುಮಕಿ ದಾಸವಾಳ. ಹೂ ನೋಡಿ ಅವ್ವ ನಕ್ಕುಬಿಟ್ಟಳು. ‘ಇದು ತಲೆ ಕೆಳಗೆ ಮಾಡ್ಕೊಂಡು ನೇತಾಡ್ತದೆ. ನಮ್ದು ಮುಖ ಎತ್ಕೊಂಡು ನೋಡ್ತದೆ.’

ಆಗಲೇ ನಾನು ಮೂರು ಹೂಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು. ಪೂಜೆಗೆ ಕೀಳುವ ಮಾಮೂಲಿ ಕೆಂಪು ದಾಸವಾಳಕ್ಕೆ ಐದು ಅಗಲ ದಳ, ಅಂಚಿನಲ್ಲಿ ಸೀಳಿಲ್ಲ. ಜುಮಕಿಯದು ಪೂರ್ವ ಆಫ್ರಿಕಾದ ಮೂಲ, ಕೀನ್ಯಾ, ಟಾಂಜಾನಿಯಾ ಕಡೆಯದು. ಉದ್ದನೆ ತೆಳು ತೊಟ್ಟು. ದಳಗಳನ್ನು ಕತ್ತರಿಯಲ್ಲಿ ಚಿಂದಿ ಮಾಡಿ ಮೇಲಕ್ಕೆ ಸುರುಳಿ ಸುತ್ತಿದಂತಿರುತ್ತದೆ, ಕೇಸರದ ಕೋಲು ಕೆಳಕ್ಕೆ ಇಳಿಬಿದ್ದಿರುತ್ತದೆ. ಅವ್ವನ ಹೂ ಮಾಮೂಲಿಯಂತೆ ಅಗಲ, ಆದರೆ ದಳದ ಅಂಚೆಲ್ಲ ಸಣ್ಣಸಣ್ಣ ಸೀಳು. ಚಿಕ್ಕವನಿದ್ದಾಗ ಹುಳ ತಿಂದಿದೆ ಅಂದುಕೊಂಡು ಎಷ್ಟೋ ಹೂ ಕಿತ್ತೆಸೆದಿದ್ದೇನೆ!

ಈ ಎರಡು ಜಾತಿ ಕೂಡಿಸಿ ಮಾಡಿದ ಗಿಡಕ್ಕೆ ಆರ್ಚರಿ ಅನ್ನುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಕೆರಿಬಿಯನ್ ಕಡಲಿನ ಆಂಟಿಗುವಾ ದ್ವೀಪದಲ್ಲಿ ಆರ್ಚರ್ ಎಂಬುವರು ಬೆಳೆಸಿದ್ದರಿಂದ ಆ ಹೆಸರು. ಅವ್ವನ ಗಿಡದ ಲಕ್ಷಣವೆಲ್ಲ ಅದರದ್ದೇ. ‘ಇದು ಬೆರಕೆ ಕಣವ್ವ’ ಅಂದೆ. ಅವಳಿಗೆ ಆ ಮಾತು ಹಿಡಿಸಲಿಲ್ಲ. ನಮ್ಮೂರಲ್ಲಿ ಯಾರಿಗೆ ಆ ಪದ ಬಳಸುತ್ತಾರೆ ಅಂತ ನಿಮಗೂ ಗೊತ್ತು. ‘ಎರಡು ಮನೆ ಗುಣ ಅನ್ನು’ ಅಂದಳು.

ಇಂಥ ಗಿಡಕ್ಕೆ ಬೀಜ ನಂಬಿ ಕೂರುವಂತಿಲ್ಲ. ಬೀಜ ಕಟ್ಟಿದರೂ ಹುಟ್ಟುವ ಸಸಿ ಅಜ್ಜಿಯನ್ನು ಹೋಲಬಹುದು, ಅಜ್ಜನನ್ನು ಹೋಲಬಹುದು. ಅದೇ ಹೂ ಬೇಕಾದರೆ ಕಡ್ಡಿಯೇ ನೆಡಬೇಕು. ಪೆನ್ಸಿಲ್ ದಪ್ಪದ, ಗೇಣುದ್ದದ 7 ಕಡ್ಡಿ ಕೊಯ್ದೆವು. ಕೆಳಗಿನ ಎಲೆ ತೆಗೆದು, ಒಂದೆರಡು ಗೆಣ್ಣು ಮಣ್ಣಲ್ಲಿ ಮುಚ್ಚಿ, ಬಚ್ಚಲ ಹಿಂದಿನ ನೆರಳಲ್ಲಿಟ್ಟೆವು. ಮರುದಿನವೇ ಜೆಸಿಬಿ ಬಂತು. ಅವ್ವ ಹೊರಗೆ ಬರಲಿಲ್ಲ.

7ರಲ್ಲಿ 3 ಚಿಗುರಿದವು. ಒಂದನ್ನು ಹಿತ್ತಲಲ್ಲಿ ನೆಟ್ಟಿದ್ದೇವೆ, ಒಂದು ಕುಂಡದಲ್ಲಿದೆ. ಇನ್ನೊಂದನ್ನು ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಚಿಕ್ಕಮ್ಮನ ಊರಿನ ಬಸ್ಸು ಹತ್ತಿದಳು.