ಅರಿಕುಠಾರದ ಶಿಲೆಗಳು ಮತ್ತು ಶ್ರಾವಕಧರ್ಮ

ಚಾಮರಾಜನಗರಕ್ಕೆ ಈ ಹೆಸರು ಬಂದು ಸುಮಾರು ಎರಡು ಶತಮಾನಗಳಷ್ಟೇ ಆಗಿವೆ. ಅದಕ್ಕೂ ಮುನ್ನ ಈ ಊರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಸ್ಥಳವೆಂಬ ಗೌರವದಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ಊರಿನ ಹೆಸರನ್ನು ಬದಲಿಸಿ, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಬಂದವರೆಲ್ಲರೂ ಅದರ ಗೋಪುರಕ್ಕೆ ಕೈಮುಗಿದು ಹಿಂದಿರುಗುತ್ತಾರೆ. ಅದಕ್ಕಿಂತ ಏಳು ಶತಮಾನಗಳಷ್ಟು ಹಿರಿದಾದ ಪಾರ್ಶ್ವನಾಥ ಬಸದಿಯೊಂದು ಅದೇ ಊರಿನಲ್ಲಿದೆ ಎಂಬುದು ಜೈನರಲ್ಲಿಯೂ ಅನೇಕರಿಗೆ ತಿಳಿಯದು.

ಅಲ್ಲಿಯ 1117ರ ಶಾಸನ ಎರಡು ಕಾರಣಗಳಿಂದ ಓದತಕ್ಕದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ನೀಲಗಿರಿಯನ್ನು ಗೆದ್ದು ತೊದವರನ್ನು ಬೆದರಿಸಿದನೆಂದು ಅದು ಹೊಗಳುತ್ತದೆ. ಇಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದವನೂ ಅವನೇ. ಕೆಟ್ಟುಹೋದ ವ್ಯಾಪಾರಿಗಳಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗರಿಗೆ, ಅಧಿಕಾರ ಕಳೆದುಕೊಂಡ ಕಿರಾತ ನಾಯಕರಿಗೆ ಕಳೆದುದನ್ನು ಒದಗಿಸಿಕೊಟ್ಟನೆಂದೂ ಅದೇ ಶಾಸನ ಸ್ಮರಿಸುತ್ತದೆ. ದಂಡಯಾತ್ರೆಯನ್ನು ವಿರೋಧಿ ಹಿಂಸೆಯೆಂದು ಸಮರ್ಥಿಸುವುದು ಕಷ್ಟ. ಗುಡ್ಡದ ಮೇಲೆ ತಮ್ಮಷ್ಟಕ್ಕಿದ್ದ ತೊದವರು ಯಾರ ಮೇಲೂ ಏರಿ ಬಂದವರಲ್ಲ. ಆದರೂ ಬಸದಿ ಕಟ್ಟಿಸಿದವನ ಕೀರ್ತಿಯ ನಡುವೆ ಬೀಜವಿಲ್ಲದ ಒಕ್ಕಲಿಗನಿಗೂ ಒಂದು ಸಾಲು ಸಿಕ್ಕಿತಲ್ಲ! ಇಂದಿನ ದೇಣಿಗೆಯ ಫಲಕಗಳಲ್ಲಿ ದಾನಿಯ ಹೆಸರೂ ಮೊತ್ತವೂ ಇರುತ್ತವೆ, ಅಷ್ಟೆ.

1997ರಲ್ಲಿ ಚಾಮರಾಜನಗರ ಜಿಲ್ಲಾ ಕೇಂದ್ರವಾಯಿತು. ಕಚೇರಿಗಳು, ವಸತಿಗೃಹಗಳು, ಅಂಗಡಿ ಸಾಲುಗಳು ಸಿಮೆಂಟಿನಲ್ಲಿ ಎದ್ದವು. ಗುಂಡ್ಲುಪೇಟೆಯೂ ಊಟಿಯ ಹೆದ್ದಾರಿಯ ಉದ್ದಕ್ಕೂ ಹಾಗೆಯೇ ಬೆಳೆಯಿತು. ಜನರಿಗೆ ಮನೆ ಬೇಕು, ಕಚೇರಿ ಬೇಕು, ಅದರಲ್ಲಿ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಆ ರುಚಿ ಬಸದಿಯೊಳಕ್ಕೂ ಬಂದಾಗ. ಹಳೆಯ ಕಲ್ಲುನೆಲದ ಮೇಲೆ ಹೊಳೆಯುವ ಟೈಲ್ಸ್, ಕಂಬಗಳಿಗೆ ಎಣ್ಣೆಬಣ್ಣ, ಗೋಡೆಗಳಿಗೆ ಸಿಮೆಂಟಿನ ಗಿಲಾವು: ನಾಡಿನ ಅನೇಕ ಬಸದಿಗಳಲ್ಲಿ ಜೀರ್ಣೋದ್ಧಾರವೆಂದರೆ ಇಷ್ಟೇ ಆಗಿದೆ. ಹಿಂದಿನವರು ಬಳಸಿದ ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಕ್ಕೆ ಬಿಡುತ್ತಿತ್ತು. ಸಿಮೆಂಟು ಅದನ್ನು ಒಳಗೇ ತಡೆಯುತ್ತದೆ. ತೇವದೊಡನೆ ಬಂದ ಲವಣ ಕಲ್ಲಿನಲ್ಲಿಯೇ ಹರಳುಗಟ್ಟಿ, ಕ್ರಮೇಣ ಮೇಲ್ಪದರವು ಹಕ್ಕಳೆಯಾಗಿ ಉದುರುತ್ತದೆ. ಎಂಟು ನೂರು ವರ್ಷ ಮಳೆಗೆ ಅಂಜದ ಅಕ್ಷರಗಳು ಭಕ್ತರ ಕೈಯಲ್ಲಿಯೇ ಅಳಿಯುವುದು ಹೀಗೆ.

ಇನ್ನೊಂದು ಮಾತಿದೆ, ಅದು ಹೆಚ್ಚು ಕಠಿಣವಾದುದು. ಈ ಜಿಲ್ಲೆಯ ಕರಿಕಲ್ಲು ದೇಶವಿದೇಶಗಳಲ್ಲಿ ಪ್ರಸಿದ್ಧ. ಕನ್ನಡಿಯಂತೆ ಹೊಳಪು ಪಡೆಯುವ ಆ ಶಿಲೆ ಹಡಗುಗಳಲ್ಲಿ ಹೊರನಾಡಿಗೆ ಹೋಗುತ್ತದೆ, ಹೊಸ ಮಂದಿರಗಳಿಗೂ ಬರುತ್ತದೆ. ಪೃಥ್ವೀಕಾಯದಲ್ಲಿ ಏಕೇಂದ್ರಿಯ ಜೀವವನ್ನು ಕಂಡ ಧರ್ಮ ನಮ್ಮದು. ಶ್ರಾವಕಾಚಾರ ಗ್ರಂಥಗಳು ಹೇಳುವ ಹದಿನೈದು ಖರಕರ್ಮಗಳಲ್ಲಿ ಸ್ಫೋಟಜೀವಿಕೆಯೂ ಒಂದು. ಗೃಹಸ್ಥನು ಆರಂಭ ಹಿಂಸೆಯಿಂದ ಸಂಪೂರ್ಣ ಪಾರಾಗಲಾರ, ನಿಜ. ಆದರೆ ಗಣಿಯಲ್ಲಿ ನಲುಗುವುದು ಏಕೇಂದ್ರಿಯ ಜೀವಗಳು ಮಾತ್ರವಲ್ಲ. 2022ರ ಮಾರ್ಚ್ ತಿಂಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು, ದೂರದ ರಾಜ್ಯದಿಂದ ಕೂಲಿಗೆ ಬಂದಿದ್ದವರು ಬಂಡೆಗಳಡಿ ಪ್ರಾಣ ಬಿಟ್ಟರು. ಸತ್ತವರಿಗೂ ಯಾವುದೇ ಮಂದಿರಕ್ಕೂ ಸಂಬಂಧವಿತ್ತೆಂದು ಹೇಳುವುದು ಇಲ್ಲಿಯ ಉದ್ದೇಶವಲ್ಲ. ಹೊಸ ಕಲ್ಲೆಂದರೆ ಹೊಸ ಗಣಿ. ಗಣಿಯ ಕೆಲಸ ಹೇಗಿರುತ್ತದೆಂಬುದನ್ನು ಮಡಹಳ್ಳಿ ತೋರಿಸಿತು.

ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಜೀರ್ಣ ಬಸದಿಯನ್ನು ಉದ್ಧರಿಸುವುದು ಹೆಚ್ಚಿನ ಪುಣ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪುಣ್ಯದ ತೂಕ ಹಾಗಿರಲಿ, ಹಿಂಸೆಯ ಲೆಕ್ಕದಲ್ಲಿಯೂ ಆ ಮಾತು ನಿಲ್ಲುತ್ತದೆ: ಹಳೆಯ ಕಲ್ಲನ್ನು ಒಡೆದ ಪಾಪ 1117ರಲ್ಲಿಯೇ ಮುಗಿದುಹೋಗಿದೆ. ಮಲೆಯೂರಿನ ಕನಕಗಿರಿಯಂತಹ ಕ್ಷೇತ್ರಗಳಿಗೆ ಬರುವ ಯಾತ್ರಿಕರಿಗೆ ನೆರಳು, ನೀರು, ತಂಗಲು ಕೋಣೆ ಬೇಕು; ಅವುಗಳನ್ನು ಇಟ್ಟಿಗೆಯಲ್ಲಿ ಸರಳವಾಗಿ, ಬಸದಿಯಿಂದ ದೂರದಲ್ಲಿ ಕಟ್ಟಬಹುದು. ಟ್ರಸ್ಟಿನ ಮುಂದಿನ ಸಭೆಯಲ್ಲಿ ಗ್ರಾನೈಟ್ ಹಾಸಿಗೆಯ ಅಂದಾಜುಪಟ್ಟಿ ಬಂದಾಗ, ಅದು ಯಾವ ಗಣಿಯದು, ಅಲ್ಲಿ ಕೆಲಸ ಮಾಡುವವರು ಯಾರು, ಹಳೆಯ ನೆಲಕ್ಕೆ ಏನಾಗಿದೆ ಎಂದು ಸದಸ್ಯರೊಬ್ಬರು ಕೇಳಿದರೆ, ಅಧ್ಯಕ್ಷರು ಅದನ್ನು ತಕರಾರೆಂದು ಭಾವಿಸದೆ ನಡವಳಿ ಪುಸ್ತಕದಲ್ಲಿ ಬರೆಸಲಿ.